ಹೊಳೇಲಿ ಈಜಿ ಬೆಳೆದೋರು ರಾತ್ರಿ ಸಮುದ್ರಕ್ಕೆ ಇಳೀಬಹುದಾ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ರ. ಅಡಿಕೆ ಕೊಯ್ಲು ಮುಗಿಸ್ಕೊಂಡು ಜನವರಿ ಕೊನೇಲಿ ನಾನು, ನಮ್ಮನೆಯವ್ರು, ನಾದಿನಿ ಮೂರು ಜನ ಅಂಡಮಾನಿಗೆ ಹೊರಟಿದೀವಿ, ಹ್ಯಾವ್ಲಾಕಲ್ಲಿ ನಾಲ್ಕು ದಿನ ಇರ್ತೀವಿ. ಪ್ಯಾಕೇಜಲ್ಲಿ ನೈಟ್ ಸ್ನಾರ್ಕೆಲಿಂಗ್ ಅಂತ, ಅಂದ್ರೆ ರಾತ್ರಿ ಮಾಸ್ಕ್ ಹಾಕ್ಕೊಂಡು ಕೊಳವೇಲಿ ಉಸಿರಾಡ್ತಾ ಸಮುದ್ರದ ಮೇಲೆ ತೇಲಿ ಕೆಳಗೆ ನೋಡೋದು, ಎಕ್ಸ್‌ಟ್ರಾ ದುಡ್ಡಿಗೆ ಒಂದು ಇದೆ. ನಾನು ತುಂಗೇಲಿ ಈಜಿ ಬೆಳೆದೋಳು, ನಾದಿನಿ ಪೂಲಲ್ಲಿ ಕಲ್ತಿದಾಳೆ, ನಮ್ಮನೆಯವ್ರಿಗೆ ಈಜು ಬರಲ್ಲ ಆದ್ರೆ ಲೈಫ್ ಜಾಕೆಟ್ ಕೊಡ್ತಾರಂತೆ. ಕತ್ತಲಲ್ಲಿ ಎಂತ ಕಾಣುತ್ತೆ? ಅಪಾಯ ಇಲ್ವಾ? ನಂಗೆ ಮೈನಸ್ ಮೂರು ಕನ್ನಡಕ ಬೇರೆ ಇದೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡ್ತೀನಿ, ಯಾಕೆ ಅನ್ನೋದು ಆಮೇಲೆ. ನೀವು ಇಳೀಬಹುದು, ಆದ್ರೆ ಅದೇ ಜಾಗದಲ್ಲಿ ಹಗಲು ಹೊತ್ತು ಒಂದ್ಸಲ ಆದ್ರೂ ಸ್ನಾರ್ಕೆಲ್ ಮಾಡಿರ್ಬೇಕು. ನಿಮ್ಮ ನಾದಿನಿ, ಹಗಲಲ್ಲಿ ಸಮುದ್ರದ ಮೇಲೆ ಅರ್ಧ ಗಂಟೆ ಆರಾಮಾಗಿ ತೇಲಿದ್ಳು ಅಂದ್ರೆ ಮಾತ್ರ. ನಿಮ್ಮನೆಯವ್ರು ಈ ಸಲ ರಾತ್ರಿ ನೀರಿಗೆ ಬೇಡ, ಜಾಕೆಟ್ ಇದ್ರೂ ಬೇಡ, ಅವ್ರಿಗೆ ಬೇರೆ ಕೆಲಸ ಇದೆ, ಮುಂದೆ ಹೇಳ್ತೀನಿ.

ನಾನೂ ನಿಮ್ ಕಡೆಯವ್ನೇ. ಹನ್ನೊಂದು ವರ್ಷದಿಂದ ಡೈವಿಂಗ್ ಇನ್‌ಸ್ಟ್ರಕ್ಟರ್, ಮೊದಲು ಮುರುಡೇಶ್ವರದಿಂದ ನೇತ್ರಾಣಿಗೆ ಜನ ಕರ್ಕೊಂಡ್ ಹೋಗ್ತಿದ್ದೆ, ಆಮೇಲೆ ಅಂಡಮಾನಿಗೆ ಹೋದೆ. ಅದಕ್ಕೇ ನಿಮ್ಮ ಪ್ರಶ್ನೇಲಿ "ತುಂಗೇಲಿ ಈಜಿ ಬೆಳೆದೋಳು" ಅನ್ನೋ ಮಾತಿನ ಹತ್ರ ನಾನು ಸ್ವಲ್ಪ ಹೊತ್ತು ನಿಲ್ಲಬೇಕು ಮಾರಾಯ್ರೆ, ಯಾಕಂದ್ರೆ ರಾತ್ರಿ ನೀರಲ್ಲಿ ನಂಗೆ ಜಾಸ್ತಿ ಚಿಂತೆ ಆಗೋದು ಈಜು ಚೆನ್ನಾಗಿ ಬರೋ ಹೊಳೆ ಮಕ್ಕಳದ್ದೇ. ನಾವು ಈಜು ಕಲಿಯೋದು ನೀರಿನ ಜೊತೆ ಹೋರಾಡೋಕೆ. ಆಚೆ ದಡ ಮುಟ್ಟಬೇಕು, ಸುಳಿ ಎಲ್ಲಿದೆ ಅಂತ ಗೊತ್ತಿರ್ಬೇಕು, ತಲೆ ಮೇಲೆತ್ತಿ ಕೈಕಾಲು ಜೋರಾಗಿ ಹೊಡೀಬೇಕು. ಸ್ನಾರ್ಕೆಲಿಂಗಲ್ಲಿ ಇದ್ಯಾವುದೂ ಬೇಡ. ಮಳೆಗಾಲದ ಹೊಳೇಲಿ ಮರದ ದಿಮ್ಮಿ ತೇಲಿ ಬರುತ್ತಲ್ಲ, ಹಾಗೆ ಮುಖ ಕೆಳಗೆ ಹಾಕಿ ಸುಮ್ನೆ ಮಲಗೋದು, ಉಪ್ಪು ನೀರು ಹೊಳೆ ನೀರಿಗಿಂತ ಚೆನ್ನಾಗಿ ಎತ್ತಿ ಹಿಡಿಯುತ್ತೆ, ನೀವು ಎಂತದೂ ಮಾಡೋದು ಬೇಡ. ಆದ್ರೆ ಕತ್ತಲಲ್ಲಿ ಏನೋ ಕಾಲಿಗೆ ತಾಗ್ತು ಅನ್ಸಿದ ತಕ್ಷಣ ಈಜು ಬರೋರು ಜೋರಾಗಿ ಈಜೋಕೆ ಶುರು ಮಾಡ್ತಾರೆ, ಉಸಿರು ಮೇಲುಸಿರಾಗುತ್ತೆ, ಚಿಕ್ಕ ಚಿಕ್ಕ ಉಸಿರು ಎಳೆದಷ್ಟೂ ಕೊಳವೆ ಒಳಗೆ ನಿಂತ ಹಳೇ ಗಾಳಿನೇ ವಾಪಸ್ ಬರುತ್ತೆ, ಆಗ ಉಸಿರು ಕಟ್ಟಿದ ಹಾಗೆ ಆಗಿ ಕೊಳವೆ ಬಾಯಿಂದ ಕಿತ್ತು ಬಿಸಾಕ್ತಾರೆ. ಮೂರಡಿ ನೀರಲ್ಲಿ ಹೀಗೆ ಆಗಿದ್ದನ್ನ ನೋಡಿದೀನಿ. ಇನ್ನೊಂದು, ಹೊಳೆಗೆ ಎರಡು ದಡ ಇದೆ, ಸೆಳವು ಎಲ್ಲಿ ಹೋಗ್ತಿದೆ ಅಂತ ಎಲೆ ಕಡ್ಡಿ ನೋಡಿದ್ರೆ ಗೊತ್ತಾಗುತ್ತೆ. ಸಮುದ್ರದ ಸೆಳವು ರಾತ್ರಿ ಹೊತ್ತು ಕಣ್ಣಿಗೂ ಕಾಣಲ್ಲ ಮೈಗೂ ತಿಳಿಯಲ್ಲ, ನೀವು ಒಂದೇ ಕಡೆ ಇದೀನಿ ಅಂದ್ಕೊಂಡೇ ಇರ್ತೀರಿ, ತಲೆ ಎತ್ತಿದ್ರೆ ದಡದ ದೀಪ ಎಲ್ಲೋ ಹೋಗಿರುತ್ತೆ.

ಹಾಗಂತ ನಮ್ಮ ಕಡೆಯವ್ರಿಗೆ ಇದು ಪೂರ್ತಿ ಹೊಸದು ಅಂತಾನೂ ಅಲ್ಲ. ಜೂನಲ್ಲಿ ಮೊದಲ ಮಳೆ ಜೋರಾಗಿ ಹಿಡಿದಾಗ ಹತ್ತುಮೀನು ಹಿಡಿಯೋಕೆ ಹೋಗಿದೀರಲ್ವಾ? ಹಳ್ಳದ ನೀರು ಗದ್ದೆಗೆ ನುಗ್ಗುತ್ತೆ, ಮೀನು ಎದುರು ಹತ್ತಿ ಬರುತ್ತೆ, ರಾತ್ರಿ ಬ್ಯಾಟರಿ ಹಿಡ್ಕೊಂಡು ಮೊಣಕಾಲು ನೀರಲ್ಲಿ ನಿಲ್ಲೋದು. ನಮ್ಮ ಚಿಕ್ಕಪ್ಪ ಒಂದೇ ಮಾತು ಹೇಳ್ತಿದ್ರು, ನೀರು ಕಲಕ್ಬೇಡ, ಬೆಳಕು ಅಲ್ಲಾಡಿಸ್ಬೇಡ. ದಬದಬ ನಡೆಯೋನಿಗೆ ಕೆಸರು ಬಿಟ್ರೆ ಬೇರೆ ಎಂತದೂ ಕಾಣ್ತಿರ್ಲಿಲ್ಲ. ಇವತ್ತಿಗೂ ನನ್ನ ಜೊತೆ ರಾತ್ರಿ ನೀರಿಗಿಳಿಯೋರಿಗೆ ನಾನು ಹೇಳೋದು ಅದನ್ನೇ. ಅರ್ಧ ಕಿಲೋಮೀಟರ್ ಸುತ್ತೋದು ಬೇಡ, ನಮ್ಮನೆ ಅಡಿಕೆ ಒಣಗಿಸೋ ಅಂಗಳದಷ್ಟು ಜಾಗ ಸಾಕು, ಅಲ್ಲೇ ಮುಕ್ಕಾಲು ಗಂಟೆ ಇದ್ರೂ ಮುಗಿಯಲ್ಲ.

ಈಗ ಎಂತ ಕಾಣುತ್ತೆ ಅಂತ ಕೇಳಿದ್ರಲ್ಲ. ಹಗಲು ನೋಡಿದ ಜಾಗಾನೇ ರಾತ್ರಿ ಬೇರೆ ಊರಾಗಿರುತ್ತೆ. ಹಗಲಲ್ಲಿ ನೀವು ನೋಡೋ ಗಿಳಿಮೀನು, ಪ್ಯಾರಟ್ ಫಿಶ್ ಅಂತಾರೆ, ಗಿಳಿ ಕೊಕ್ಕಿನ ಥರ ಬಾಯಿ ಇಟ್ಕೊಂಡು ಹವಳದ ಕಲ್ಲನ್ನ ಕಟಕಟ ಕಡೀತಾ ಇರುತ್ತೆ, ನೀರೊಳಗೆ ಆ ಸದ್ದು ನಿಮಗೇ ಕೇಳಿಸುತ್ತೆ. ಅದೇ ಮೀನನ್ನ ರಾತ್ರಿ ಕಲ್ಲಿನ ಸಂದೀಲಿ ಹುಡುಕಿ. ಕೆಲವು ಜಾತಿಯವು ಮಲಗೋ ಮುಂಚೆ ಬಾಯಿಂದ ಲೋಳೆ ಬಿಟ್ಟು ತನ್ನ ಸುತ್ತ ಒಂದು ಚೀಲ ಮಾಡ್ಕೊಳ್ತವೆ. ಬ್ಯಾಟರಿ ಬೆಳಕನ್ನ ಓರೆಯಾಗಿ ಬಿಟ್ರೆ ಮಾತ್ರ ಆ ಚೀಲ ಕಾಣೋದು, ತೆಳ್ಳಗೆ, ಗಂಜಿ ತಿಳಿ ಥರ, ಅದರ ಮೇಲೆ ಅಲ್ಲಲ್ಲಿ ಮರಳಿನ ಕಣ ಅಂಟಿರುತ್ತೆ, ಒಳಗೆ ಮೀನು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿರುತ್ತೆ, ಕಿವಿರು ಮಾತ್ರ ನಿಧಾನ ಆಡ್ತಿರುತ್ತೆ. ರಾತ್ರಿ ಹೊತ್ತು ಮೀನಿನ ರಕ್ತ ಹೀರೋ ಸಣ್ಣ ಹುಳಗಳಿರ್ತವೆ, ಅವು ಒಳಗೆ ಬರ್ದೇ ಇರ್ಲಿ ಅಂತ ಈ ಚೀಲ, ನಾವು ಸೊಳ್ಳೆ ಪರದೆ ಕಟ್ಕೊಂಡು ಮಲಗೋ ಹಾಗೆ. ಮೊದಲ ಸಲ ಅದನ್ನ ನೋಡಿದಾಗ ನಾನು ಬೆಳಕು ಆಚೆ ತಿರುಗಿಸಿದೆ, ಮನೇಲಿ ಮಗು ಮಲಗಿದಾಗ ಲೈಟ್ ಆಫ್ ಮಾಡ್ತೀವಲ್ಲ ಹಾಗೆ ಅನ್ನಿಸ್ತು. ನೀವೂ ಒಂದೆರಡು ಸೆಕೆಂಡ್ ನೋಡಿ ಬೆಳಕು ತೆಗೆದುಬಿಡಿ, ಎದ್ದು ಓಡಿದ್ರೆ ಅದಕ್ಕೆ ಆ ರಾತ್ರಿ ಪರದೆ ಇಲ್ಲ.

ಹವಳ ಅಂದ್ರೆ ಕಲ್ಲು ಅಂತಾನೇ ಜನ ಅಂದ್ಕೊಂಡಿರ್ತಾರೆ, ಹಗಲು ನೋಡಿದ್ರೆ ಹಾಗೇ ಕಾಣೋದು. ಹಗಲಲ್ಲಿ ಅದರ ಮೈಯೊಳಗಿರೋ ಪಾಚಿ ಬಿಸಿಲಲ್ಲಿ ಅಡುಗೆ ಮಾಡಿ ಹಾಕುತ್ತೆ, ರಾತ್ರಿ ಮಾತ್ರ ಹವಳ ತಾನೇ ಊಟಕ್ಕೆ ಏಳುತ್ತೆ. ಒಂದೊಂದು ತೂತಿಂದಲೂ ಪುಟ್ಟ ಪುಟ್ಟ ಬೆರಳು ಹೊರಗೆ ಬಂದಿರ್ತವೆ, ಕಲ್ಲಿಗೆ ರೋಮ ಬಂದ ಹಾಗೆ, ನಿಮ್ಮ ಬೆಳಕಿಗೆ ಬಂದ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನ ಹಿಡಿದು ಒಳಗೆ ಎಳ್ಕೊಳ್ತವೆ. ಅಂಗೈಯಗಲ ಹವಳದ ಮೇಲೆ ಐದು ನಿಮಿಷ ಬೆಳಕು ಹಿಡಿದು ನೋಡಿ, ನಾನು ಯಾಕೆ ಅಂಗಳದಷ್ಟು ಜಾಗ ಸಾಕು ಅಂದೆ ಅಂತ ಗೊತ್ತಾಗುತ್ತೆ. ಬೆಳಕು ದೂರಕ್ಕೆ ಬಿಟ್ರೆ ಕಲ್ಲಿನ ಸಂದಿ ಸಂದೀಲಿ ಕೆಂಪು ಚುಕ್ಕೆ ಮಿಂಚ್ತವೆ, ಸಿಗಡಿ ಕಣ್ಣು ಅವು. ಆಕ್ಟೋಪಸ್ ಅದೃಷ್ಟ ಇದ್ರೆ ಸಿಗುತ್ತೆ. ಸಿಂಹಮೀನು ಅಂದ್ರೆ ಲಯನ್ ಫಿಶ್ ಸಿಕ್ರೆ ದೂರ ಇರಿ, ಅದಕ್ಕೆ ನಿಮ್ಮ ಬೆಳಕಲ್ಲೇ ಬೇಟೆ ಆಡೋದು ಗೊತ್ತು, ಹಿಂದೆ ಹಿಂದೆ ಬರುತ್ತೆ, ಬೆನ್ನಿನ ಮುಳ್ಳಲ್ಲಿ ವಿಷ ಇದೆ. ನಿಮ್ಮನ್ನ ಅಟ್ಟಿಸ್ಕೊಂಡು ಬರ್ತಿಲ್ಲ, ಬೆಳಕು ಬೇರೆ ಕಡೆ ಹಿಡಿದ್ರೆ ಅದೂ ಆ ಕಡೆ ಹೋಗುತ್ತೆ.

ಆಮೇಲೆ ಕೊನೇಲಿ, ಗೈಡಿಗೆ ಹೇಳಿ ಎಲ್ಲರೂ ಬ್ಯಾಟರಿನ ಎದೆಗೆ ಒತ್ತಿ ಹಿಡ್ಕೊಳ್ಳಿ, ಕತ್ತಲೆ ಆಗ್ಲಿ, ಕಣ್ಣಿಗೆ ಒಂದು ನಿಮಿಷ ಟೈಮ್ ಕೊಡಿ, ಆಮೇಲೆ ಕೈ ಬೀಸಿ. ಬೆರಳಿನ ಸಂದಿಯಿಂದ ನೀಲಿ ಕಿಡಿ ಉದುರುತ್ತೆ. ಮೇ ತಿಂಗಳ ಕೊನೇಲಿ ನಮ್ಮ ಕಾಡಲ್ಲಿ ಮಿಣುಕುಹುಳ ಹೊಳೀತವಲ್ಲ, ಮಳೆಗಾಲದಲ್ಲಿ ಕೊಳೆತ ದಿಮ್ಮಿ ಮೇಲೆ ಅಣಬೆ ಹಸಿರಾಗಿ ಹೊಳೆಯುತ್ತಲ್ಲ, ಅದೇ ಜಾತಿ ಬೆಳಕು ಇದು, ಜೀವಿ ಮೈಯೊಳಗಿನ ರಾಸಾಯನಿಕದಿಂದ ಬರೋದು. ಇಲ್ಲಿ ಅದನ್ನ ಮಾಡೋದು ಒಂದೇ ಕೋಶದ ಸಣ್ಣ ಜೀವಿಗಳು, ನೀರು ಅಲುಗಾಡಿದಾಗ ಮಿನುಗ್ತವೆ. ಎಲ್ಲಾ ರಾತ್ರಿ ಒಂದೇ ಥರ ಇರಲ್ಲ, ವಿಡಿಯೋದಲ್ಲಿ ತೋರ್ಸೋ ಹಾಗೆ ಇಡೀ ಸಮುದ್ರ ನೀಲಿ ಆಗುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ಕೆಲವರು ನೀಲಿ ಬ್ಯಾಟರಿ, ಹಳದಿ ಗಾಜು ಕೊಟ್ಟು ಹವಳ ಹೊಳೆಯೋದನ್ನ ತೋರಿಸ್ತಾರೆ, ಅದು ಬೇರೆ, ಅದರಲ್ಲಿ ಹವಳ ತಾನಾಗಿ ಬೆಳಕು ಕೊಡಲ್ಲ, ನೀಲಿ ಬೆಳಕು ಹೀರ್ಕೊಂಡು ಹಸಿರು ಬಿಡುತ್ತೆ. ಇದೇ ಥರ ಹಸಿರು ಬಿಡೋ ಪ್ರೋಟೀನನ್ನ 1962ರಲ್ಲಿ ಒಸಾಮು ಶಿಮೊಮುರಾ ಅನ್ನೋ ವಿಜ್ಞಾನಿ ಒಂದು ಜೆಲ್ಲಿಮೀನಿಂದ ಬೇರ್ಪಡಿಸಿದ್ದು, 2008ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು. ನಾದಿನಿ ಸೈನ್ಸ್ ಓದ್ತಿದ್ರೆ ಅವ್ರಿಗೆ ಖುಷಿ ಆಗುತ್ತೆ.

ಯಾವ ದಿನ ಹೋಗ್ಬೇಕು ಅನ್ನೋದರ ಬಗ್ಗೆ ಪ್ಯಾಕೇಜಿನೋರು ಎಂತದೂ ಹೇಳಿರಲ್ಲ, ಆದ್ರೆ ನನ್ನ ಪ್ರಕಾರ ಅರ್ಧ ಸುರಕ್ಷತೆ ಅಲ್ಲೇ ಇದೆ. ನೀಲಿ ಕಿಡಿ ನೋಡೋಕೆ ಕತ್ತಲೆ ಬೇಕು, ಹಾಗಾಗಿ ಎಲ್ಲರೂ ಅಮಾವಾಸ್ಯೆ ಅಂತಾರೆ. ಅಮಾವಾಸ್ಯೆ ಹುಣ್ಣಿಮೆ ಎರಡರಲ್ಲೂ ಸೂರ್ಯ ಚಂದ್ರ ಒಂದೇ ಗೆರೇಲಿ ಎಳೆಯೋದ್ರಿಂದ ಉಬ್ಬರ ಇಳಿತ ಜಾಸ್ತಿ, ಅಂಡಮಾನಲ್ಲಿ ಆ ದಿನಗಳಲ್ಲಿ ನೀರು ಎರಡು ಮೀಟರ್ ಹತ್ತಿರ ಏರಿಳಿಯುತ್ತೆ, ಅಷ್ಟು ನೀರು ಬಂದು ಹೋಗ್ಬೇಕು ಅಂದ್ರೆ ಸೆಳವೂ ಅಷ್ಟೇ ಜೋರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಬಹುಳ ಅಷ್ಟಮಿಯಿಂದ ದಶಮಿ ಒಳಗೆ ಆರಿಸ್ಕೊಳ್ತೀನಿ. ಆಗ ಚಂದ್ರ ಹುಟ್ಟೋದು ಮಧ್ಯರಾತ್ರಿ ಹೊತ್ತಿಗೆ ಇಲ್ಲಾ ಅದಾದ ಮೇಲೆ, ಸಂಜೆ ಪೂರ್ತಿ ಕತ್ತಲೆ, ಸೆಳವೂ ಕಮ್ಮಿ. ನಿಮ್ಮ ನಾಲ್ಕು ದಿನದಲ್ಲಿ ಅದು ಬರುತ್ತಾ ನೋಡಿ, ಬರ್ದಿದ್ರೆ ಉಬ್ಬರ ಇಳಿತದ ಪಟ್ಟಿ ಕೇಳಿ ನೀರು ಏರಿ ನಿಂತ ಹೊತ್ತಿಗೆ ಇಳಿಯೋ ಹಾಗೆ ಗೈಡ್ ಹತ್ರ ಮಾತಾಡಿ. ಇಳಿತದಲ್ಲಂತೂ ಬೇಡ, ಹ್ಯಾವ್ಲಾಕಿನ ಪೂರ್ವ ದಂಡೇಲಿ, ವಿಜಯನಗರ ಬೀಚ್ ಕಡೆ, ನೀರು ಬಹಳ ದೂರ ಹಿಂದೆ ಹೋಗುತ್ತೆ, ಹವಳ ನಿಮ್ಮ ಹೊಟ್ಟೆಗೆ ತಾಗೋಷ್ಟು ಮೇಲಿರುತ್ತೆ, ಹವಳಕ್ಕೂ ಪೆಟ್ಟು ನಿಮಗೂ ಗಾಯ. ಅಲ್ಲಿ ಸೂರ್ಯ ಬೇಗ ಮುಳುಗ್ತಾನೆ ಅನ್ನೋದೂ ನೆನಪಿರ್ಲಿ, ಗಡಿಯಾರ ನಮ್ಮದೇ, ಆದ್ರೆ ಜನವರಿಲಿ ಐದೂಕಾಲು ಐದೂವರೆಗೇ ಸಂಜೆ ಮುಗೀತು, ನಮ್ಮಲ್ಲಿಗಿಂತ ಒಂದು ಗಂಟೆಗೂ ಮುಂಚೆ. ಆರೂವರೆಗೆ ಇಳಿದ್ರೆ ಏಳೂಕಾಲಿಗೆ ಮೇಲೆ ಬಂದು ಬಿಸಿ ಚಾ ಕುಡೀಬಹುದು.

ಮೊಸಳೆ ವಿಷ್ಯ ಮುಚ್ಚಿಡೋದು ತಪ್ಪು, ಹೇಳ್ತೀನಿ. ಅಂಡಮಾನಲ್ಲಿ ಉಪ್ಪುನೀರಿನ ಮೊಸಳೆ ಇದೆ, ನಮ್ಮ ಹೊಳೇಲಿ ಬಂಡೆ ಮೇಲೆ ಬಿಸಿಲು ಕಾಯೋದಕ್ಕಿಂತ ಬಹಳ ದೊಡ್ಡದು, ಸಮುದ್ರದಲ್ಲೂ ಈಜುತ್ತೆ, ರಾತ್ರಿ ಬೇಟೆ ಆಡುತ್ತೆ. 2010ರಲ್ಲಿ ಹ್ಯಾವ್ಲಾಕಲ್ಲೇ ರಾಧಾನಗರ ಬೀಚಿನ ಪಕ್ಕದ ಭಾಗದಲ್ಲಿ ಸ್ನಾರ್ಕೆಲ್ ಮಾಡ್ತಿದ್ದ ವಿದೇಶಿ ಪ್ರವಾಸಿ ಒಬ್ಬರು ಮೊಸಳೆ ದಾಳೀಲಿ ತೀರ್ಕೊಂಡ್ರು. ಇಂಥದ್ದು ಅಪರೂಪ, ಆದ್ರೆ ಅಪರೂಪ ಅಂತ ಲೆಕ್ಕ ಹಾಕಿ ನೀರಿಗಿಳಿಯೋ ವಿಷ್ಯ ಅಲ್ಲ ಇದು. ಮ್ಯಾಂಗ್ರೋವ್ ಕಾಡು ಇರೋ ಕಡೆ, ಹಳ್ಳ ಬಂದು ಸಮುದ್ರ ಸೇರೋ ಬಾಯಿ ಹತ್ರ, ಮೊಸಳೆ ಬೋರ್ಡ್ ಹಾಕಿರೋ ಬೀಚಲ್ಲಿ ರಾತ್ರಿ ಕಾಲೂ ಇಡಬೇಡಿ. ಆ ವಾರದಲ್ಲಿ ಯಾರಾದ್ರೂ ಮೊಸಳೆ ನೋಡಿದಾರಾ ಅಂತ ಅಲ್ಲಿನ ಮೀನು ಹಿಡಿಯೋರನ್ನ, ಲೈಫ್‌ಗಾರ್ಡನ್ನ ಕೇಳಿ. "ಅಯ್ಯೋ ಇಲ್ಲಿ ಎಂತದೂ ಇಲ್ಲ ಮೇಡಂ" ಅಂತ ನಕ್ಕು ಬಿಡೋ ಗೈಡ್ ಜೊತೆ ಹೋಗ್ಬೇಡಿ, "ಇಲ್ಲಿ ಇಳೀತೀವಿ, ಆ ಕಡೆ ಹೋಗಲ್ಲ, ಯಾಕಂದ್ರೆ" ಅಂತ ಕಾರಣ ಕೊಡೋನ ಜೊತೆ ಹೋಗಿ. ರಾತ್ರಿ ಹೊತ್ತು ಅಲ್ಲಿ ನೀರಿಗಿಳಿಯೋಕೆ ಬಿಡ್ತಾರಾ ಅಂತಾನೂ ಅವನ ಬಾಯಿಂದಲೇ ಸರಿಯಾಗಿ ಕೇಳಿ ತಿಳ್ಕೊಳ್ಳಿ.

ದುಡ್ಡು ಕೊಡೋ ಮುಂಚೆ ಅವನನ್ನ ಇನ್ನೂ ಎರಡು ಮಾತು ಕೇಳಬೇಕು. ಒಬ್ಬ ಗೈಡಿಗೆ ಎಷ್ಟು ಜನ, ಮೂರು ನಾಲ್ಕಕ್ಕಿಂತ ಜಾಸ್ತಿ ಅಂದ್ರೆ ಬಿಟ್ಬಿಡಿ. ಒಬ್ಬೊಬ್ಬರಿಗೆ ಎಷ್ಟು ಬ್ಯಾಟರಿ, ಒಂದೇ ಅಂದ್ರೆ ಅದೂ ಬೇಡ. ಇದನ್ನ ನಾನು ಪೆಟ್ಟು ತಿಂದು ಕಲ್ತಿದ್ದು. ಅಂಡಮಾನಿಗೆ ಹೋದ ಮೊದಲ ವರ್ಷ, ಆಗ ಕೆಲಸ ಮಾಡ್ತಿದ್ದ ಕಡೆ ಕೊಟ್ಟ ಬ್ಯಾಟರಿ ತಗೊಂಡು ಒಂದು ಜೋಡಿನ ನೀರಿಗೆ ಇಳ್ಸಿದ್ದೆ, ಇಪ್ಪತ್ತು ನಿಮಿಷಕ್ಕೆ ನನ್ನ ಬೆಳಕು ಹಳದಿಯಾಗಿ ಆರೇ ಹೋಯ್ತು, ನನ್ನ ಹತ್ರ ಇನ್ನೊಂದು ಇರ್ಲಿಲ್ಲ. ಗೈಡ್ ಬೆಳಕು ಹೋಯ್ತು ಅಂತ ಗೊತ್ತಾದ ತಕ್ಷಣ ಆ ಹೆಂಗಸು ನೀರಲ್ಲಿ ನೆಟ್ಟಗೆ ನಿಲ್ಲೋಕೆ ನೋಡಿದ್ರು, ನನ್ನ ಭುಜ ಹಿಡಿದು ಕೆಳಗೆ ಒತ್ತಿದ್ರು, ನನ್ನ ಮಾಸ್ಕ್ ಕಿತ್ತು ಹೋಯ್ತು. ಅವರನ್ನ ಅಂಗಾತ ತಿರುಗಿಸಿ, ಆಕಾಶ ನೋಡಿ, ನಕ್ಷತ್ರ ನೋಡಿ ಅಂತ ಹೇಳ್ತಾ ಹೇಳ್ತಾ ದಡದ ತನಕ ಎಳ್ಕೊಂಡು ಬಂದೆ. ದಡ ಇದ್ದಿದ್ದು ಐವತ್ತು ಮೀಟರ್ ದೂರದಲ್ಲಿ ಅಷ್ಟೇ, ಆ ಐವತ್ತು ಮೀಟರ್ ನಂಗೆ ಇವತ್ತಿಗೂ ನೆನಪಿದೆ. ಅಂದಿನಿಂದ ನನ್ನ ಹತ್ರ ಎರಡು, ಜೊತೆಯವ್ರ ಹತ್ರ ಎರಡೆರಡು, ಜೊತೆಗೆ ಪ್ರತಿಯೊಬ್ಬರ ಕೊಳವೆ ತುದಿಗೆ ಒಂದು ಪುಟ್ಟ ಮಿನುಗೋ ದೀಪ, ಯಾರು ಎಲ್ಲಿದಾರೆ ಅಂತ ದಡದಿಂದಲೂ ಕಾಣ್ಬೇಕು. ಬಹಳ ಪ್ರಖರ ಬ್ಯಾಟರಿ ಬೇಡ, 300ರಿಂದ 500 ಲ್ಯೂಮೆನ್ ಇದ್ರೆ ಬೇಕಾದಷ್ಟಾಯ್ತು. ತಳದ ಮೇಲೆ ಬೆಳಕನ್ನ ದುಂಡಗೆ ತಿರುಗಿಸಿದ್ರೆ ಸರಿ ಇದೀನಿ ಅಂತ, ಅಡ್ಡಡ್ಡ ಜೋರಾಗಿ ಬೀಸಿದ್ರೆ ತೊಂದ್ರೆ ಅಂತ ಅರ್ಥ, ಇದನ್ನ ದಡದಲ್ಲೇ ಎರಡು ಸಲ ಮಾಡಿ ನೋಡ್ಕೊಳ್ಳಿ, ಒಬ್ಬರ ಮುಖಕ್ಕೆ ಒಬ್ಬರು ಬೆಳಕು ಬಿಡಬೇಡಿ.

ಈಗ ನಿಮ್ಮನೆಯವ್ರ ವಿಷ್ಯ. ಜಾಕೆಟ್ ತೇಲಿಸುತ್ತೆ ನಿಜ, ಆದ್ರೆ ಹೆದರಿಕೆ ತೆಗೆಯಲ್ಲ, ಈಜು ಬರ್ದೋರು ಕತ್ತಲಲ್ಲಿ ಹೆದರಿದ್ರೆ ಹಿಡ್ಕೊಳ್ಳೋದು ಪಕ್ಕದಲ್ಲಿರೋ ನಿಮ್ಮನ್ನೇ. ಅವರು ಹಗಲಲ್ಲಿ ಎಲಿಫೆಂಟ್ ಬೀಚಲ್ಲಿ ಮಾಡ್ಲಿ, ಅಲ್ಲಿ ಗೈಡ್‌ಗಳು ಟ್ಯೂಬ್ ಹಿಡಿಸಿ ಎಳ್ಕೊಂಡು ಹೋಗಿ ತೋರಿಸ್ತಾರೆ, ಹವಳ ಮೀನು ಎಲ್ಲಾ ಕಾಣುತ್ತೆ. ರಾತ್ರಿ ಅವ್ರು ದಡದಲ್ಲಿ ನೀವು ಇಳಿದ ಜಾಗದಲ್ಲೇ ಒಂದು ಲಾಟೀನು ಥರದ ದೀಪ ಇಟ್ಕೊಂಡು ಕೂರ್ಬೇಕು, ಆ ದೀಪ ಅಲ್ಲಿಂದ ಅಲ್ಲಾಡ್ಬಾರ್ದು. ಅದರ ಹಿಂದೆ ಮೇಲ್ಗಡೆ ರೆಸಾರ್ಟಿನ ಯಾವುದಾದ್ರೂ ಒಂದು ದೀಪ ಗುರುತು ಮಾಡ್ಕೊಳ್ಳಿ. ನೀವು ಐದೈದು ನಿಮಿಷಕ್ಕೆ ತಲೆ ಎತ್ತಿ ನೋಡಿದಾಗ ಎರಡೂ ದೀಪ ಒಂದರ ಮೇಲೊಂದು ಇದ್ರೆ ಪಕ್ಕಕ್ಕೆ ಸರಿದಿಲ್ಲ ಅಂತ, ಬೇರೆ ಬೇರೆ ಆಗಿದ್ರೆ ಸೆಳವು ಒಯ್ತಿದೆ, ವಾಪಸ್ ಬನ್ನಿ. ಕೆಳಗಿನ ದೀಪ ಸಣ್ಣದಾಗ್ತಾ ಹೋದ್ರೆ ಆಚೆ ಹೋಗ್ತಿದೀರಿ ಅಂತ, ಆಗ್ಲೂ ವಾಪಸ್. ನಮ್ಮ ಕರಾವಳಿ ಮೀನುಗಾರರು ಹೀಗೇ ಎರಡು ಗುರುತು ಕೂಡಿಸಿ ಜಾಗ ಹಿಡಿಯೋದು. ನೀರಲ್ಲಿ ಮಿನುಗೋ ದೀಪ ಮೂರಿದ್ರೆ ಮೂರು ಎಣಿಸ್ತಾ ಇರೋದು ಅವರ ಕೆಲಸ, ಒಂದು ಕಮ್ಮಿ ಆದ್ರೆ ಕೂಗ್ಬೇಕು. ನಾನು ಗೆಸ್ಟ್ ಕರ್ಕೊಂಡು ಹೋಗುವಾಗಲೂ ದಡದಲ್ಲಿ ಒಬ್ಬರನ್ನ ಕೂರಿಸ್ದೆ ಇಳಿಯಲ್ಲ.

ಚಳಿ ಆಗುತ್ತೆ. ಅಲ್ಲಿನ ನೀರು 27, 28 ಡಿಗ್ರಿ ಇರುತ್ತೆ, ಕೇಳೋಕೆ ಬೆಚ್ಚಗಿದೆ, ಆದ್ರೆ ನೀರು ಗಾಳಿಗಿಂತ 25 ಪಟ್ಟು ಬೇಗ ಮೈ ಬಿಸಿ ಎಳೆಯುತ್ತೆ, ಸುಮ್ನೆ ತೇಲೋದ್ರಿಂದ ಮೈ ಬಿಸಿ ಆಗೋದೂ ಇಲ್ಲ. ತೋಳು ಕಾಲು ಪೂರ್ತಿ ಮುಚ್ಚೋ ಈಜುಡುಗೆ ಹಾಕಿ, ಜೆಲ್ಲಿಮೀನಿಂದಲೂ ರಕ್ಷಣೆ. ಜೆಲ್ಲಿ ಕುಟುಕಿದ್ರೆ ಸಿಹಿನೀರು ಹಾಕಿ ಉಜ್ಜಬೇಡಿ, ವಿನೆಗರ್ ಹಾಕಿ. ಲಯನ್ ಫಿಶ್, ಸ್ಟೋನ್ ಫಿಶ್ ಮುಳ್ಳು ಚುಚ್ಚಿದ್ರೆ ಚರ್ಮ ಸುಡದಷ್ಟು ಬಿಸಿ ನೀರಲ್ಲಿ, 45 ಡಿಗ್ರಿ ದಾಟಬಾರ್ದು, ಅರ್ಧ ಗಂಟೆ ಒಂದು ಗಂಟೆ ಅದ್ದಿಡಿ, ನೋವು ಇಳಿಯುತ್ತೆ, ಅದ್ದಿಟ್ಕೊಂಡೇ ಆಸ್ಪತ್ರೆಗೆ ಹೊರಡಿ. ತಳದ ಮೇಲೆ ನಿಲ್ಲೋದೇ ಬೇಡ, ಸ್ಟೋನ್ ಫಿಶ್ ಕಲ್ಲಿನ ಥರಾನೇ ಇರುತ್ತೆ, ಹವಳವೂ ಮುರಿಯುತ್ತೆ. 2010ರಲ್ಲಿ ನೀರು ಬಿಸಿಯಾಗಿ ಅಂಡಮಾನಿನ ಹವಳ ಎಷ್ಟೋ ಬಿಳಚಿ ಸತ್ತಿದೆ, ಉಳಿದಿದ್ದನ್ನ ನಾವು ಕಾಲಲ್ಲಿ ಒದೆಯೋದು ಬೇಡ. ಚೂರು ಹವಳ ನೆನಪಿಗೆ ಅಂತ ಚೀಲಕ್ಕೆ ಹಾಕೋದು ಕಾನೂನಿನ ಪ್ರಕಾರ ಅಪರಾಧ, ಹುಲಿಗೆ ಇರೋ ರಕ್ಷಣೆನೇ ಅದಕ್ಕೂ ಇದೆ.

ಹೊರಡೋ ಮುಂಚೆ ಇಲ್ಲೇ ಒಂದು ಅಭ್ಯಾಸ ಮಾಡಿ. ಮಾಸ್ಕು ಕೊಳವೆ ತಗೊಂಡು ಶಿವಮೊಗ್ಗದಲ್ಲಿ ಯಾವುದಾದ್ರೂ ಪೂಲಿಗೆ ನಾದಿನಿ ಜೊತೆ ಎರಡು ಮೂರು ಸಲ ಹೋಗಿ, ಹತ್ತು ನಿಮಿಷ ಕೈಕಾಲು ಆಡಿಸ್ದೆ ಮುಖ ಕೆಳಗೆ ಹಾಕಿ ತೇಲಿ, ಕೊಳವೆಗೆ ಬೇಕಂತಾನೇ ನೀರು ತುಂಬಿಸಿ ಒಂದೇ ಊದಲ್ಲಿ ಹೊರಗೆ ಹಾಕೋದು ಕಲೀರಿ. ತುಂಗೇಲಿ ಇದನ್ನ ಮಾಡೋಕೆ ಹೋಗ್ಬೇಡಿ, ಮುಖ ಕೆಳಗೆ ಹಾಕಿದ್ರೆ ಹೊಳೆ ಎಲ್ಲಿಗೆ ಒಯ್ಯುತ್ತೆ ಅಂತ ಗೊತ್ತಾಗಲ್ಲ. ಇಡೀ ಮುಖ ಮುಚ್ಚೋ ಮಾಸ್ಕ್ ಕೊಂಡ್ಕೋಬೇಡಿ, ಅದರಲ್ಲಿ ಬಿಟ್ಟ ಗಾಳಿ ಒಳಗೇ ಸುತ್ತೋ ಸಾಧ್ಯತೆ ಜಾಸ್ತಿ, ಹೆದರಿದಾಗ ತೆಗೆಯೋದೂ ಕಷ್ಟ. ಇಳಿಯೋ ದಿನ ಯಾರೂ ಡ್ರಿಂಕ್ಸ್ ತಗೋಬಾರ್ದು, ಆಮೇಲೂ ನೀರಿಗೆ ವಾಪಸ್ ಹೋಗ್ತೀನಿ ಅನ್ನೋ ಹಾಗಿದ್ರೆ ಆಮೇಲೂ ಬೇಡ. ಆಸ್ತಮಾ, ಫಿಟ್ಸ್, ಹೃದಯದ ತೊಂದ್ರೆ ಇದ್ರೆ ಡಾಕ್ಟರ್ ಹತ್ರ ಕೇಳಿಯೇ ಮುಂದಿನ ಮಾತು.

ಕನ್ನಡಕದ ಬಗ್ಗೆ. ಮಾಸ್ಕ್ ಒಳಗೆ ಕನ್ನಡಕ ಹಾಕೋಕಾಗಲ್ಲ, ಅಂಚಿಂದ ನೀರು ಬರುತ್ತೆ. ಪವರ್ ಗ್ಲಾಸ್ ಇರೋ ಮಾಸ್ಕ್ ಸಿಗುತ್ತೆ, ಎರಡು ಗಾಜು ಬೇರೆ ಬೇರೆ ಇರೋದು, ಮೈನಸ್ ಮೂರಕ್ಕೆ ರೆಡಿಮೇಡೇ ಸಾಕು. ನೀರೊಳಗೆ ಮಾಸ್ಕಿಂದ ನೋಡಿದ್ರೆ ಎಲ್ಲಾ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣೋದ್ರಿಂದ ಎರಡೂವರೆ ಪವರ್ ಸಿಕ್ಕಿದ್ರೂ ನಡೆಯುತ್ತೆ. ಹೊಸ ಮಾಸ್ಕ್ ಆದ್ರೆ ಗಾಜಿನ ಒಳಗೆ ಬಿಳೀ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಚೆನ್ನಾಗಿ ಉಜ್ಜಿ ತೊಳೀರಿ, ಎರಡು ಮೂರು ಸಲ ಮಾಡಿ, ಫ್ಯಾಕ್ಟರಿಯ ಲೇಪ ಹೋಗೋ ತನಕ ಆವಿ ಹಿಡೀತಾನೇ ಇರುತ್ತೆ. ನೀರಿಗಿಳಿಯೋ ಮುಂಚೆ ಒಳಗೆ ಉಗುಳಿ ಸವರಿ ಒಂದ್ಸಲ ಅದ್ದಿ ತೆಗೀರಿ. ಮಾಮೂಲಿ ಕನ್ನಡಕವನ್ನ ಡಬ್ಬೀಲಿ ಹಾಕಿ ದೀಪದ ಹತ್ರ ಕೂತಿರೋ ನಿಮ್ಮನೆಯವ್ರ ಕೈಗೆ ಕೊಟ್ಟು ಇಳೀರಿ, ಮೇಲೆ ಬಂದ ತಕ್ಷಣ ಹಾಕ್ಕೊಂಡು ಆಕಾಶ ನೋಡ್ಬೇಕು, ಚಂದ್ರ ಇನ್ನೂ ಹುಟ್ಟಿರಲ್ಲ.